ಹಲಗೆಯ ಮೇಲಿನ ರಸ್ತೆ, ಎಡಗೈಗೆ ಒಂದು ಊರು

ಸೈಕಲ್ ರೇಸಿನಲ್ಲಿ ಸೈಕಲ್ಲು ಮುಂದಕ್ಕೆ ಹೋಗಬೇಕು ಎಂಬುದು ಲೋಕದಲ್ಲಿ ಬಹಳ ಹಿಂದಿನಿಂದ ನಡೆದುಬಂದ ನಂಬಿಕೆ. ಅರವತ್ತರ ದಶಕದ ನಡುವೆ, ಒಂದು ಮಳೆಗಾಲದಲ್ಲಿ, ಸಾಗರದ ನಾವು ಮೂವರು ಸೇರಿ ಆ ನಂಬಿಕೆಯನ್ನು ಕೈಬಿಟ್ಟೆವು. ಅದರಿಂದ ಲೋಕಕ್ಕೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ಮೂವರಲ್ಲಿ ಮೊದಲನೆಯವರು ಅಕ್ಕಿ ಗಿರಣಿಯ ಯಜಮಾನರು, ನಮ್ಮ ಸೈಕಲ್ ಸಂಘದ ಅಧ್ಯಕ್ಷರು. ಅವರಿಗೆ ಸೈಕಲ್ ಹತ್ತಲು ಬರುತ್ತಿರಲಿಲ್ಲ. ಆದರೆ ಒಂದು ಗೋದಾಮು ಇತ್ತು, ಮಳೆಗಾಲದಲ್ಲಿ ಅದು ಖಾಲಿ ಬಿದ್ದಿರುತ್ತಿತ್ತು. ಅಧ್ಯಕ್ಷ ಪದವಿಗೆ ಇದಕ್ಕಿಂತ ಹೆಚ್ಚಿನ ಯೋಗ್ಯತೆಯನ್ನು ನಾವು ಕೇಳಲಿಲ್ಲ. ಎರಡನೆಯವರು ಬಸ್‌ಸ್ಟ್ಯಾಂಡಿನ ಬಳಿ ಬಾಡಿಗೆ ಸೈಕಲ್ ಶಾಪ್ ಇಟ್ಟುಕೊಂಡಿದ್ದವರು. ಊರಿಗೆಲ್ಲ ಅವರು ಶಾಪಿನಣ್ಣ. ಪಂಚರ್ ಹಾಕುವುದರ ಜೊತೆಗೆ ಅವರಿಗೆ ಬೋರ್ಡು ಬರೆಯುವ ಕಸುಬೂ ಇತ್ತು. ಸಾಗರದಿಂದ ಹೊರಡುವ ಬಸ್ಸುಗಳ ಹಣೆಯ ಮೇಲಿನ ಊರುಗಳ ಹೆಸರೆಲ್ಲ ಅವರ ಕೈಬರಹವೇ. ಮೂರನೆಯವನು ನಾನು, ಮಿಡ್ಲ್ ಸ್ಕೂಲಿನ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ಹಿಂದಿನ ವರ್ಷ ನಾವು ಎಲ್ಲರ ಹಾಗೆ ರಸ್ತೆಯ ಮೇಲೆಯೇ ರೇಸು ನಡೆಸಿದ್ದೆವು, ಸಾಗರದಿಂದ ಇಕ್ಕೇರಿಗೆ ಹೋಗಿ ತಿರುಗಿ ಬರುವುದು. ಶ್ರಾವಣದ ಕೆಸರು. ಮೊದಲು ಬಂದವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಅವನು ಸೈಕಲ್ಲಿನ ಮೇಲೆ ಬರಲಿಲ್ಲ, ಸೈಕಲ್ಲು ಅವನ ಮೇಲೆ ಬಂತು. ಹಾಗಾಗಿ ಬಹುಮಾನ ಯಾರಿಗೆ ಸಲ್ಲಬೇಕು ಎಂದು ಸಂಘದ ಸಭೆಯಲ್ಲಿ ಗಂಭೀರವಾದ ಚರ್ಚೆ ನಡೆಯಿತು. ಆ ಸಭೆಯಲ್ಲೇ ಶಾಪಿನಣ್ಣ, ತಾವು ಚಿಕ್ಕಂದಿನಲ್ಲಿ ಮುಂಬಯಿಯಲ್ಲಿದ್ದಾಗ ಒಂದು ದೊಡ್ಡ ಹಾಲಿನೊಳಗೆ, ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವ ಪಂದ್ಯ ನೋಡಿದ್ದಾಗಿ ಹೇಳಿದ್ದು.

"ಮಳೆ ಬರ್ಲಿ, ಸಿಡ್ಲು ಬರ್ಲಿ, ಒಳಗೆ ಕೂತು ತುಳಿಯದು," ಎಂದರು.

"ನಮ್ಮ ಗೋದಾಮಿನಲ್ಲಿ ಹಿಡೀತದಾ?" ಎಂದು ಯಜಮಾನರು ಕೇಳಿದರು.

"ಸೈಕಲ್ಲು ಎಲ್ಲಿಗೂ ಹೋಗದಿಲ್ಲ ಯಜಮಾನ್ರೇ. ಹಿಡೀದೆ ಎಂತ?"

ಯಂತ್ರ ಸಿದ್ಧವಾಯಿತು. ಅದರ ರಚನೆ ಸರಳ. ಮುಂದಿನ ಚಕ್ರ ಬಿಚ್ಚಿದ ಸೈಕಲ್ಲಿನ ಫೋರ್ಕನ್ನು ಒಂದು ಗೂಟಕ್ಕೆ ಬಿಗಿಯುವುದು. ಹಿಂದಿನ ಚಕ್ರದ ಅಡಿಗೆ ಕಡೆದು ನುಣುಪು ಮಾಡಿದ ಮರದ ಉರುಳೆ. ತುಳಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಉರುಳೆ. ಉರುಳೆಯಿಂದ ಒಂದಷ್ಟು ಹಲ್ಲುಚಕ್ರಗಳ ಮೂಲಕ ಒಂದು ಹುರಿಹಗ್ಗ ನಿಧಾನವಾಗಿ ಸುತ್ತಿಕೊಳ್ಳುತ್ತದೆ. ಇಂಥವು ಎರಡು, ಅಕ್ಕಪಕ್ಕ. ಹಗ್ಗ ಮಳೆಗಾಲದ ತೇವಕ್ಕೆ ಬಿಗಿದುಕೊಳ್ಳುತ್ತಿತ್ತಾದ್ದರಿಂದ ಪ್ರತಿ ಪಂದ್ಯಕ್ಕೆ ಮೊದಲು ಅದನ್ನು ಒಲೆಯ ಪಕ್ಕದಲ್ಲಿ ಬೆಚ್ಚಗೆ ಇಡಬೇಕಾಗಿತ್ತು, ಬಾಣಂತಿಯನ್ನು ಇಟ್ಟ ಹಾಗೆ.

ಆದರೆ ತುಳಿಯುವವನು ಕೂತಲ್ಲೇ ಇದ್ದರೆ ಗೆದ್ದವರು ಯಾರೆಂದು ಜನಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಶಾಪಿನಣ್ಣ ಗೋಡೆಗೆ ಒಂದು ಉದ್ದನೆಯ ಹಲಗೆ ನಿಲ್ಲಿಸಿದರು. ಹಲಗೆಯ ಮೇಲೆ ಒಂದು ರಸ್ತೆ ಬರೆದರು. ರಸ್ತೆಯ ಮೇಲಂಚಿಗೆ ಒಂದು ಹಗ್ಗ, ಕೆಳಂಚಿಗೆ ಒಂದು. ಒಂದೊಂದಕ್ಕೂ ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಕತ್ತರಿಸಿದ ಪುಟ್ಟ ಸೈಕಲ್ಲು, ಒಂದು ಕೆಂಪು, ಒಂದು ಹಸಿರು. ಇಲ್ಲಿ ತುಳಿದರೆ ಅಲ್ಲಿ ತಗಡಿನ ಸೈಕಲ್ಲು ಮೆಲ್ಲನೆ ರಸ್ತೆ ಹಿಡಿದು ಸಾಗುತ್ತಿತ್ತು. ರಸ್ತೆಯ ಎಡತುದಿಯಲ್ಲಿ ಸಾಗರ, ಬಲತುದಿಯಲ್ಲಿ ತೀರ್ಥಹಳ್ಳಿ. ನಡುವೆ ಇಕ್ಕೇರಿ, ರಿಪ್ಪನ್‌ಪೇಟೆ, ಹೊಸನಗರ.

ಭೂಗೋಳ ಪಾಠ ಮಾಡುವ ನಾನು, ಇಂಥ ರಸ್ತೆ ಭೂಮಿಯ ಮೇಲೆ ಇಲ್ಲ ಎಂದು ಸಣ್ಣಗೆ ಹೇಳಿದೆ. "ಹಲಗೆ ಮೇಲೆ ಇದೆಯಲ್ಲ ಮೇಷ್ಟ್ರೇ," ಎಂದರು ಶಾಪಿನಣ್ಣ. ಊರುಗಳ ಹೆಸರನ್ನು ಅವರು ಅಂಟಿನಲ್ಲಿ ಕಲಸಿದ ಪುಡಿಬಣ್ಣದಲ್ಲಿ ಬರೆದಿದ್ದರು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ಅಳಿಯದ ಎನಾಮಲ್ ಬಣ್ಣ ಯಾಕೆ ಬಳಸಲಿಲ್ಲ ಎಂದು ಕೇಳಿದ್ದಕ್ಕೆ, "ಜನ ಸುಮ್ನಿರದಿಲ್ಲ, ನೋಡ್ತಾ ಇರಿ," ಎಂದರು.

ಮೊದಲ ಪಂದ್ಯ ಸಾಗರದ ಗೋದಾಮಿನಲ್ಲಿ. ಅಧ್ಯಕ್ಷರು ದೀರ್ಘವಾಗಿ ಮಾತಾಡಿ, ಸ್ಥಿರವಾಗಿದ್ದುಕೊಂಡೇ ಪ್ರಗತಿ ಸಾಧಿಸಬಹುದೆಂಬುದಕ್ಕೆ ಈ ಯಂತ್ರವೇ ಸಾಕ್ಷಿ ಎಂದರು. ಕಂಬಳಿಕೊಪ್ಪೆ ಹೊದ್ದ ಒಬ್ಬ ಅಜ್ಜ ಯಂತ್ರವನ್ನು ಸುತ್ತಿ ಬಂದು ಶಾಪಿನಣ್ಣನನ್ನು ವಿಚಾರಿಸಿದ.

"ಇದು ಎಲ್ಲಿಗೆ ಹೋಗ್ತದೆ?"

"ಎಲ್ಲಿಗೂ ಹೋಗದಿಲ್ಲ ಅಜ್ಜ."

"ಮತ್ತೆ ತುಳಿಯದು ಎಂತಕ್ಕೆ?"

"ಯಾರು ಎಲ್ಲರಿಗಿಂತ ಬೇಗ ಎಲ್ಲಿಗೂ ಹೋಗದಿಲ್ಲ ಅಂತ ನೋಡಕ್ಕೆ."

ಅಜ್ಜ ಸ್ವಲ್ಪ ಯೋಚಿಸಿದ. "ಹಂಗಾದ್ರೆ ನಮ್ಮ ಅಳಿಯನ್ನ ಕರ್ಸಿ. ಅವ್ನೇ ಗೆಲ್ಲದು."

ಪಂದ್ಯ ಸುರುವಾದ ಮೇಲೆ ಒಂದು ವಿಚಿತ್ರ ಕಂಡೆವು. ಬೆವರು ಸುರಿಸಿ ತುಳಿಯುವವರ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಹಲಗೆಯ ಮೇಲೆ. ತಗಡಿನ ಸೈಕಲ್ಲು ಇಕ್ಕೇರಿಯ ಹೆಸರಿನ ಮುಂದೆ ಬಂದಾಗ ಮುಂದಿನ ಸಾಲಿನ ಹೆಂಗಸರು ಕೈಮುಗಿದರು. ಅದಾದರೂ ಸರಿ, ತುಳಿಯುತ್ತಿದ್ದವರಲ್ಲಿ ಒಬ್ಬನೂ ಹ್ಯಾಂಡಲ್ ಬಿಟ್ಟು ಕೈಮುಗಿದ. ಅಲ್ಲಿನ ದೇವರು ಅಘೋರೇಶ್ವರನ ಮುಂದೆ ಹಾದುಹೋಗುವಾಗ ಹಾಗೆ ಮಾಡಿ ರೂಢಿ, ಕಾಲು ತಾನಾಗಿ ನಿಧಾನವಾಯಿತು, ಅವನು ಸೋತ. ಇದರ ಮೇಲೆ ತಕರಾರು ಬಂದು, "ಇಕ್ಕೇರಿಯಲ್ಲಿ ನಮಸ್ಕಾರಕ್ಕೆ ಅವಕಾಶವಿದೆ, ಆದರೆ ಪಂದ್ಯ ನಿಲ್ಲುವುದಿಲ್ಲ" ಎಂದು ನಾನು ನಿಯಮ ಬರೆಯಬೇಕಾಯಿತು. ನಮ್ಮ ನಿಯಮಾವಳಿಯಲ್ಲಿ ದೇವರ ಪ್ರಸ್ತಾಪ ಇದ್ದದ್ದು ಅಲ್ಲೊಂದೇ ಕಡೆ.

ಅದರ ಮುಂದಿನ ಸಂತೆಯ ದಿನ ಶಾಪಿಗೆ ಒಬ್ಬ ಗಿರಾಕಿ ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಶರಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ತುಂಬಿದಾಗ ನೀರಿನಡಿಗೆ ಹೋದ ಒಂದು ಊರಿನವನು. ಅಂಥವರನ್ನು ನಮ್ಮ ಕಡೆ ಮುಳುಗಡೆಯವರು ಎನ್ನುತ್ತೇವೆ. ಗೇಣಿ ಮಾಡಿಕೊಂಡಿದ್ದ ಸಂಸಾರ. ರಿಪ್ಪನ್‌ಪೇಟೆಯ ಹತ್ತಿರ ಕಾಡು ಕಡಿದ ಜಾಗದಲ್ಲಿ ಅವರಿಗೆ ಭೂಮಿ ಕೊಟ್ಟಿದ್ದರು. ರಿಪ್ಪನ್‌ಪೇಟೆಯಲ್ಲೂ ಸೈಕಲ್ ಶಾಪ್ ಇತ್ತು. ಆದರೂ ಬ್ರೇಕ್ ಕಟ್ಟೆ ಸವೆದರೆ ಅವನು ಅಷ್ಟು ದೂರದಿಂದ ತುಳಿದುಕೊಂಡು ಸಾಗರಕ್ಕೇ ಬರುತ್ತಿದ್ದ, ಊರಿದ್ದಾಗ ಬರುತ್ತಿದ್ದ ಹಾಗೆ. ಬಂದವನು ಕುತೂಹಲಕ್ಕೆ ಗೋದಾಮಿನಲ್ಲಿ ಯಂತ್ರ ಹತ್ತಿದ. ಮೊದಲ ಪಂದ್ಯ ಗೆದ್ದಿದ್ದವನ ತಗಡಿನ ಸೈಕಲ್ಲು ಹೊಸನಗರ ಮುಟ್ಟುವಷ್ಟರಲ್ಲಿ ಇವನದು ತೀರ್ಥಹಳ್ಳಿಯಲ್ಲಿತ್ತು.

"ನಮ್ಮ ಕಡೆಯಿಂದ ತುಳೀತೀಯೇನಾ?" ಎಂದರು ಶಾಪಿನಣ್ಣ.

"ತುಳೀತೀನಿ. ಹಲಗೆ ಮೇಲೆ ನಮ್ಮೂರು ಬರೀಬೇಕು."

"ರಿಪ್ಪನ್‌ಪೇಟೆ ಬರ್ದಿದೆಯಲ್ಲ ಮಾರಾಯಾ."

"ಅದು ನಮ್ಮೂರಲ್ಲ. ಅದು ನಮ್ಮನ್ನ ಇಟ್ಟ ಊರು." ಅವನು ಇಕ್ಕೇರಿಗೂ ರಿಪ್ಪನ್‌ಪೇಟೆಗೂ ನಡುವಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದ. "ಇಲ್ಲಿ ಬರ್ತದೆ."

ಯಜಮಾನರಿಗೆ ಇದು ಸರಿ ಕಾಣಲಿಲ್ಲ. "ಎಂತ ಮಾತು ಇದು? ಇರೋ ಊರು ಬರೀಬೇಕು. ನೀರಡಿಯ ಊರಿಗೆ ಸೈಕಲ್ಲು ಹೆಂಗೆ ಹೋಗ್ತದೆ?"

"ಯಜಮಾನ್ರೇ, ಈ ಸೈಕಲ್ಲು ಎಲ್ಲಿಗೂ ಹೋಗದಿಲ್ಲ ಅಂತ ನೀವೇ ಭಾಷಣ ಮಾಡಿದ್ರಂತೆ. ಎಲ್ಲಿಗೂ ಹೋಗದೆ ಇರೋದು ನಮ್ಮೂರಿಗೂ ಹೋಗದಿಲ್ಲ, ಅಷ್ಟೆ. ಬರದ್ರೆ ಯಾರಿಗೆ ಎಂತ ನಷ್ಟ?"

ಅವನು ಏನೂ ಗೋಗರೆಯದೆ, ಎತ್ತಿನ ವ್ಯಾಪಾರ ಹೇಳುವ ಧಾಟಿಯಲ್ಲಿ ಹೇಳುತ್ತಾ ಹೋದ. ಊರು ಮುಳುಗಿದ್ದು ಬೇರೆ ಮಾತು, ಅದು ಎಲ್ಲರಿಗೂ ಗೊತ್ತು. ಹೆಸರೂ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಶಾಲೆಯ ಬೋರ್ಡು ಕಿತ್ತರು, ಕಾಗದ ಪತ್ರದ ಮೇಲೆಲ್ಲ ಹೊಸ ವಿಳಾಸ ಬಂತು. ಕಡೆಗೆ ಅವರ ಊರಿಗೆ ಬರುತ್ತಿದ್ದ ಬಸ್ಸಿನ ಹಣೆಯ ಹೆಸರನ್ನೂ ಕೆರೆದರು. ಸಾಮಾನು ಸಾಗಿಸಿಕೊಂಡು ಸಾಗರಕ್ಕೆ ಬಂದಿದ್ದ ದಿನ ಅವನ ಅವ್ವ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿದಳು. ಆಮೇಲೆ ಅವಳು ಹೊಸ ಮನೆಯ ಅಂಗಳ ಬಿಟ್ಟು ಹೊರಗೆ ಹೊರಟಿಲ್ಲ. ಯಾರಾದರೂ ಕರೆದರೆ, "ಹೋದ್ರೆ ಎಲ್ಲಿಂದ ಬಂದೆ ಅಂತ ಕೇಳ್ತಾರೆ, ಎಂತ ಹೇಳದು?" ಎನ್ನುತ್ತಾಳೆ.

"ಒಂದು ಕಡೆ ಬರ್ದಿದೆ ಅಂದ್ರೆ ಸಾಕು, ಅವ್ಳನ್ನ ಹೊರಡಿಸ್ತೀನಿ," ಎಂದ.

ಶಾಪಿನಣ್ಣ ಅಷ್ಟು ಹೊತ್ತೂ ತಲೆಯೆತ್ತಿರಲಿಲ್ಲ. ಆ ಬಸ್ಸಿನ ಹೆಸರು ಬರೆದವರೂ ಅವರೇ, ಬಸ್ಸಿನವರು ಹೇಳಿದ ಮೇಲೆ ಚಾಕು ಹಿಡಿದು ಕೆರೆದವರೂ ಅವರೇ. ಅವರು ಅಧ್ಯಕ್ಷರ ಅಪ್ಪಣೆಗೆ ಕಾಯದೆ ಬಣ್ಣದ ಬಟ್ಟಲು ತೆಗೆದುಕೊಂಡು, ರಸ್ತೆಯ ಕೆಳಗೆ, ಅವನು ಬೆರಳಿಟ್ಟ ಜಾಗದಲ್ಲಿ ಊರಿನ ಹೆಸರು ಬರೆದರು. ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆಯಲ್ಲಿ ಹುಡುಕುತ್ತೀರಿ, ಸಿಗುವುದಿಲ್ಲ, ನಾನು ಸುಳ್ಳುಗಾರನಾಗುತ್ತೇನೆ.

ಹಲಗೆ ಊರೂರಿಗೆ ಹೊರಟಿತು. ರಿಪ್ಪನ್‌ಪೇಟೆಯವರು ತಮ್ಮ ಊರಿನ ಅಕ್ಷರ ಸಾಗರದ ಅಕ್ಷರಕ್ಕಿಂತ ಸಣ್ಣದಾಗಿದೆ ಎಂದು ಪಂದ್ಯ ತಡೆದರು, ದೊಡ್ಡದು ಮಾಡಿಕೊಟ್ಟೆವು. ಹೊಸನಗರದಲ್ಲಿ ಒಬ್ಬ ಹಿರಿಯರು ಹುಲಿಕಲ್ ಯಾಕಿಲ್ಲ ಎಂದರು. ಅದು ಕರಾವಳಿಗೆ ಇಳಿಯುವ ದಾರಿ, ಈ ಕಡೆಯದಲ್ಲ ಎಂದೆ. "ನನ್ನ ಹೆಂಡ್ತಿ ತವರು ಅದು. ಸಭೆಯಲ್ಲಿ ಅವಳೂ ಕೂತಿದಾಳೆ," ಎಂದು ಅವರು ದನಿ ತಗ್ಗಿಸಿದರು. ವಾದಕ್ಕೆ ಜಾಗವಿರಲಿಲ್ಲ. ಹುಲಿಕಲ್ ಬಂತು. ಹಗ್ಗ ನೇರವಾಗಿ ಇರಬೇಕಾದ್ದರಿಂದ ಘಾಟಿಯನ್ನೂ ಮಟ್ಟಸ ಮಾಡಲಾಯಿತು. ಅಂಥ ಕೆಲಸವನ್ನು ಒಂದು ಕುಂಚದಲ್ಲಿ ಮುಗಿಸಿದ ಹೆಮ್ಮೆ ನಮ್ಮ ಸಂಘದ್ದು.

ಹೊಸನಗರದವರಿಗೆ ನಮ್ಮ ಸವಾರನ ಮೇಲೂ ಒಂದು ಹಕ್ಕಿತ್ತು.

"ನೀನು ನಮ್ಮ ತಾಲ್ಲೂಕಿಗೆ ಬಂದವ. ನಮ್ಮ ಕಡೆ ತುಳೀಬೇಕು."

"ನಾನು ಬಂದಿದ್ದಲ್ಲ, ಕಳ್ಸಿದ್ದು. ಬಂದಿದ್ರೆ ತುಳೀತಿದ್ದೆ," ಎಂದ. ಸಾಗರದ ಕಡೆಯಿಂದಲೇ ತುಳಿದು ಗೆದ್ದ.

ಕಡೆಯ ಪಂದ್ಯ ತೀರ್ಥಹಳ್ಳಿಯಲ್ಲಿ, ಒಂದು ಛತ್ರದ ಹಾಲಿನಲ್ಲಿ, ಭಾನುವಾರ ಬೆಳಗ್ಗೆ. ಅಲ್ಲಿನ ಸಮಿತಿಗೆ ಒಬ್ಬ ವಕೀಲರು ಮುಖ್ಯಸ್ಥರು. ಅವರು ಹಲಗೆಯ ಮುಂದೆ ಕನ್ನಡಕ ಏರಿಸಿ ನಿಂತು, ಪತ್ರ ಓದುವ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಓದಿದರು. ಮೊದಲ ತಕರಾರು, ರೇಸು ಸಾಗರದಿಂದ ಯಾಕೆ ಹೊರಡಬೇಕು, ತೀರ್ಥಹಳ್ಳಿಯಿಂದ ಹೊರಡಲಿ. ಹಗ್ಗ ತಿರುಗಿಸಿ ಕಟ್ಟಿದೆವು. ಎರಡನೆಯದಕ್ಕೆ ಅವರು ಬೆರಳಿಟ್ಟದ್ದು ಆ ಊರಿನ ಮೇಲೆ.

"ಇದು ಎಲ್ಲಿದೆ?"

"ನೀರಲ್ಲಿದೆ," ಎಂದರು ಶಾಪಿನಣ್ಣ.

"ಇಲ್ಲದ ಊರನ್ನ ಹಾದಿಯಲ್ಲಿ ಇಡೋದು ಕ್ರಮ ಅಲ್ಲ ಮಾರಾಯ್ರೆ. ಹಂಗೆ ಇಡೋದಾದ್ರೆ ನಮ್ಮ ಅಜ್ಜನ ಕಾಲದಲ್ಲಿ ಹಾಳುಬಿದ್ದ ಊರು ನಂದೂ ಒಂದಿದೆ."

ಬಹಳ ಜಗ್ಗಾಟದ ನಂತರ ಒಂದು ಒಪ್ಪಂದಕ್ಕೆ ಬಂದೆವು. ಪ್ರತಿ ಊರಿನಲ್ಲೂ ಹೀಗೆ ಒರೆಸಿ ಬರೆಯುವುದು ಮುಗಿಯಲಿ, ಇವತ್ತು ಗೆದ್ದ ಊರಿನವರು ಹೇಳಿದ ಹಾಗೆ ರಸ್ತೆಯನ್ನು ಎನಾಮಲ್ಲಿನಲ್ಲಿ ಕಾಯಂ ಮಾಡುವುದು. ಸಾಗರ ಗೆದ್ದರೆ ಮುಳುಗಿದ ಊರು ಉಳಿಯುತ್ತದೆ. ತೀರ್ಥಹಳ್ಳಿ ಗೆದ್ದರೆ ಅದು ಹೋಗಿ ಅಲ್ಲಿ ವಕೀಲರ ಅಜ್ಜನ ಊರು ಬರುತ್ತದೆ. ನಮ್ಮ ಅಧ್ಯಕ್ಷರು ಇದನ್ನು ನ್ಯಾಯವಾದ ತೀರ್ಮಾನ ಎಂದು ಹೊಗಳಿ ರುಜು ಹಾಕಿದರು.

ನಮ್ಮ ಸವಾರ ಜಗಲಿಯಲ್ಲಿ ಪಂಚೆ ಎತ್ತಿ ಕಟ್ಟುತ್ತಿದ್ದ. ಒಪ್ಪಂದವನ್ನು ಅವನಿಗೆ ಹೇಳಿದೆ. ಅವನು ಒಳಗೆ ಕೈ ತೋರಿಸಿದ. ಮುಂದಿನ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೆನ್ನು ನೇರ ಮಾಡಿ ಒಬ್ಬ ಸಣಕಲು ಮುದುಕಿ ಕೂತಿದ್ದಳು. ಅವಳ ಸುತ್ತ ಅದೇ ಮುಳುಗಿದ ಊರಿನ ಒಂದಷ್ಟು ಗಂಡಸರು ಹೆಂಗಸರು. ರಿಪ್ಪನ್‌ಪೇಟೆಯಿಂದ ಬಸ್ಸು ಹತ್ತಿ ಬಂದಿದ್ದರು.

"ಊರು ಬರ್ದಿದಾರೆ, ನೋಡು ಬಾ ಅಂತ ಹೊರಡಿಸ್ಕೊಂಡು ಬಂದೀನಿ ಮೇಷ್ಟ್ರೇ. ಅವಳ ಕಣ್ಣೆದುರೇ ಇನ್ನೊಂದ್ಸಲ ಅಳಿಸ್ತಾರೆ ಅಂದ್ರೆ..." ಅವನು ಪಂಚೆಯ ಗಂಟು ಬಿಗಿದ. "ಸೋಲದಿಲ್ಲ, ಬಿಡಿ. ಇಕ್ಕೇರೀಲಿ ಕೈನೂ ಮುಗಿಯದಿಲ್ಲ ಇವತ್ತು."

ತೀರ್ಥಹಳ್ಳಿಯ ಸವಾರ ಬೇಕರಿಯವನು, ಬ್ರೆಡ್ಡಿನ ಪೆಟ್ಟಿಗೆ ಹೊತ್ತು ಸುತ್ತಿನ ಹಳ್ಳಿಯ ದಿಬ್ಬಗಳನ್ನೆಲ್ಲ ತುಳಿದು ತೊಡೆ ಕಲ್ಲು ಮಾಡಿಕೊಂಡವನು. ಇಬ್ಬರೂ ಹತ್ತಿದರು. ಅಧ್ಯಕ್ಷರು ಕರವಸ್ತ್ರ ಬೀಸಿದರು.

ಹುಲಿಕಲ್ಲಿನವರೆಗೆ ಕೆಂಪೂ ಹಸಿರೂ ಜೋಡಿ ಹೋರಿಯಂತೆ ಹೋದವು. "ಘಾಟಿ ಬಂತು, ಇಳ್ದು ತಳ್ಳಾ!" ಎಂದು ಹಿಂದಿನಿಂದ ಯಾರೋ ಕೂಗಿ ನಗೆ ಎದ್ದಿತು. ಅಲ್ಲಿಂದಾಚೆಗೆ ಕೆಂಪು, ನಮ್ಮದು, ಬೆರಳಗಲ ಬೆರಳಗಲವಾಗಿ ಮುಂದಾಯಿತು. ರಿಪ್ಪನ್‌ಪೇಟೆಗೆ ಬರುವಾಗ ಒಂದು ಗೇಣು ಮುಂದಿತ್ತು. ಇನ್ನು ಉಳಿದದ್ದು ಆ ಊರು, ಇಕ್ಕೇರಿ, ಸಾಗರ. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

ರಿಪ್ಪನ್‌ಪೇಟೆಗೂ ಆ ಊರಿಗೂ ನಡುವೆ ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ಬರೀ ಮರ, ಅದರ ಒಂದು ಗಂಟು. ಆದರೆ ಮುಂದಿನ ಸಾಲಿನವರು ಆ ಖಾಲಿ ಜಾಗವನ್ನು ಓದಲು ಸುರುಮಾಡಿದರು.

"ಬಸರಿ ಮರ ಬಂತು ನೋಡಾ."

"ಅಲ್ಲಿಂದ ಇಳಿಜಾರು. ಬ್ರೇಕ್ ಹಿಡೀಲಿ ಅವ್ನು!"

"ಇದು ಕೆರೆ ಏರಿ. ಆ ಬದೀಲಿ ನಮ್ಮ ಗದ್ದೆ."

"ನಿಮ್ದೆಲ್ಲಿ ಬಂತಾ, ನಿಮ್ದು ಇನ್ನೂ ಕೆಳಗೆ. ಅದು ನಮ್ದು!"

ಗದ್ದೆಯ ಗಡಿಯ ಬಗ್ಗೆ ಇಬ್ಬರ ನಡುವೆ ಅಲ್ಲಿಯೇ ಸಣ್ಣ ಜಗಳವೂ ಆಯಿತು. ಎರಡು ಗೇಣು ಹಲಗೆ. ಇಡೀ ಹಾಲು ಗದ್ದಲ ನಿಲ್ಲಿಸಿ, ಇಲ್ಲದ್ದನ್ನು ಹೀಗೆ ಎದುರಿಗಿದೆ ಎಂಬಂತೆ ನೋಡುವವರನ್ನು ನೋಡುತ್ತಿತ್ತು. ಉರುಳೆಗಳು ಗರಗರ ತಿರುಗುತ್ತಿದ್ದವು. ಕೆಂಪು ಸೈಕಲ್ಲು ಊರಿನ ಹೆಸರಿನ ಮೊದಲ ಅಕ್ಷರದ ಮೇಲೆ ಬಂತು.

ಮುದುಕಿ ಎದ್ದು ನಿಂತಳು. ಅಳಲಿಲ್ಲ, ದನಿ ಎತ್ತರಿಸಲೂ ಇಲ್ಲ. ಸಾಗರದ ಸಂತೆ ಮುಗಿಸಿ ಬಂದ ಮಗನನ್ನು ಎಷ್ಟೋ ವರ್ಷ ಹೇಗೆ ಕರೆದಿದ್ದಳೋ ಹಾಗೆ ಕರೆದಳು.

"ಬಂದ್ಯೇನಾ? ಬಾ. ಕೈಕಾಲು ತೊಳ್ಕೊಂಡು ಬಾಯಾರಿಕೆ ಕುಡಿ."

ಅವನ ಕಾಲು ನಿಂತಿತು. ಅವನು ನಿಲ್ಲಿಸಿದ ಎಂದು ನಾನು ಹೇಳಲಾರೆ. ಇಕ್ಕೇರಿಯಲ್ಲಿ ಕೈ ತಾನಾಗಿ ಮುಗಿಯುವ ಹಾಗೆ ಕಾಲು ತಾನಾಗಿ ನಿಂತಿತು. ಫ್ರೀವೀಲ್ ಒಂದಿಷ್ಟು ಹೊತ್ತು ಕಿರುಗುಟ್ಟಿ ಸುಮ್ಮನಾಯಿತು. ಅವನು ಸೀಟಿನಿಂದ ಇಳಿದು ಅವಳ ಮುಂದೆ ಹೋಗಿ ನಿಂತ. ಮುದುಕಿ ಕೈಚೀಲದಿಂದ ಒಂದು ತುಂಡು ಬೆಲ್ಲ ತೆಗೆದು ಅವನ ಅಂಗೈಗಿಟ್ಟಳು, ಪಕ್ಕದವಳ ಕೈಯಿಂದ ನೀರಿನ ಚೊಂಬು ಇಸಿದುಕೊಂಡು ಕೊಟ್ಟಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಅದನ್ನೇ ಬಾಯಾರಿಕೆ ಎನ್ನುವುದು. ಅದಾಗದೆ ನಮ್ಮ ಕಡೆ ಯಾರೂ ಮಾತೇ ತೆಗೆಯುವುದಿಲ್ಲ. ಆ ಬೆಳಗ್ಗೆ ಮನೆಯಿಂದ ಹೊರಡುವಾಗ ಅವಳು ಬೆಲ್ಲವನ್ನು ಚೀಲಕ್ಕೆ ಹಾಕಿಕೊಂಡದ್ದು ಯಾವ ಲೆಕ್ಕಾಚಾರದಿಂದಲೋ, ಲೆಕ್ಕಾಚಾರವೇ ಇಲ್ಲದೆಯೋ, ಇಂದಿಗೂ ನನಗೆ ತಿಳಿದಿಲ್ಲ.

ತೀರ್ಥಹಳ್ಳಿಯವರಿಗೆ ಹೋದ ಜೀವ ಬಂತು. "ತುಳಿಯಾ! ತುಳಿ ಮಾರಾಯಾ, ಗೆದ್ದೆ!" ಬೇಕರಿಯವನು ತುಳಿಯುತ್ತಿದ್ದ. ಹಸಿರು ಸೈಕಲ್ಲು ಊರಿನ ಹತ್ತಿರ ಬರತೊಡಗಿತು. ನನ್ನ ಪಕ್ಕ ನಿಂತಿದ್ದ ಶಾಪಿನಣ್ಣ ಕಣ್ಣು ಮುಚ್ಚಿಕೊಂಡಿದ್ದರು.

ಮುದುಕಿ ಬೇಕರಿಯವನ ಕಡೆಗೂ ತಿರುಗಿದಳು. "ನೀನೂ ಬಾ ಮಗಾ. ಬಿಸ್ಲಲ್ಲಿ ಬಂದೀಯ."

ಹೊರಗೆ ಮಳೆ ಹೆಂಚು ಒಡೆಯುವ ಹಾಗೆ ಹೊಯ್ಯುತ್ತಿತ್ತು. ಬೇಕರಿಯವನು ಅವಳನ್ನು ನೋಡಿದ, ಹಲಗೆಯನ್ನು ನೋಡಿದ, ಇನ್ನಷ್ಟು ತುಳಿದ. ಹಸಿರು ಸೈಕಲ್ಲು ಊರು ಮುಟ್ಟಿ ಕೆಂಪಿನ ಪಕ್ಕಕ್ಕೆ ಬಂತು. ಅಲ್ಲಿಗೆ ಸರಿಯಾಗಿ ನಿಲ್ಲಿಸಿ ಇಳಿದ.

"ಏ! ಎಂತ ಮಾಡ್ತೀಯಾ? ಹತ್ತು ಸೈಕಲ್ಲು!" ವಕೀಲರು ಕುರ್ಚಿ ಬಿಟ್ಟು ಎದ್ದರು.

"ವಕೀಲ್ರೇ, ದೊಡ್ಡವರು ಕರೀವಾಗ ಮನೆ ಮುಂದೆ ಹಾದು ಹೆಂಗೆ ಹೋಗದು? ಒಂದು ಗುಟುಕು ನೀರು ಕುಡ್ದು ಹೋಗ್ತೀನಿ."

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ಚೊಂಬಿಗೆ ಕೈ ಚಾಚಿದ. ಎರಡು ಯಂತ್ರಗಳೂ ಖಾಲಿ. ವಕೀಲರು ನಿಯಮ ಏನು ಹೇಳುತ್ತದೆ ಎಂದು ನನ್ನ ಮೇಲೆ ಬಿದ್ದರು. ನಾನು ನಿಯಮಾವಳಿಯನ್ನು ಭಕ್ತಿಯಿಂದ ಎರಡು ಸಲ ಓದಿದೆ. ಇಕ್ಕೇರಿಯಲ್ಲಿ ನಮಸ್ಕಾರಕ್ಕೆ ಅವಕಾಶವಿತ್ತು. ಬೆಲ್ಲ ನೀರಿನ ವಿಚಾರದಲ್ಲಿ ನಿಯಮಾವಳಿ ಮೌನವಾಗಿತ್ತು. ತಮ್ಮವನು ನೀರು ಕುಡಿದ ಕೂಡಲೇ ಹತ್ತಬಹುದೆಂದು ವಕೀಲರು, ಇಬ್ಬರೂ ಒಟ್ಟಿಗೆ ಹತ್ತಬೇಕೆಂದು ನಮ್ಮ ಅಧ್ಯಕ್ಷರು. ವಾದ ಬಿಗಿಯಾಗುತ್ತಿರುವಾಗ ಅಡುಗೆಯವರು ಬಾಗಿಲಲ್ಲಿ ನಿಂತು, "ಎಲೆ ಹಾಕಿದೆ, ಎಲ್ಲ ಏಳ್ಬೇಕು," ಎಂದರು.

ಮಲೆನಾಡಿನಲ್ಲಿ ಆ ಮಾತಿನ ಮೇಲೆ ಅಪೀಲಿಲ್ಲ. ವಕೀಲರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಊಟದ ಮನೆಯಿಂದ ಬಂದ ಒಗ್ಗರಣೆಯ ವಾಸನೆಯನ್ನೂ ಗಮನಿಸಿದರು. "ಊಟ ಆದ್ಮೇಲೆ ಮುಂದುವರಿಸೋದು," ಎಂದು ಆಜ್ಞೆ ಮಾಡಿ, ನಮ್ಮ ಅಧ್ಯಕ್ಷರ ಕೈ ಹಿಡಿದುಕೊಂಡು ಹೋದರು. ಜನ ಅವರ ಹಿಂದೆ ಹೋಯಿತು.

ಹಾಲಿನಲ್ಲಿ ಉಳಿದವರು ಮುದುಕಿ, ಅವಳ ಮಗ, ಹಗ್ಗ ಸಡಿಲಿಸುತ್ತಿದ್ದ ಶಾಪಿನಣ್ಣ, ಕಾಗದ ಜೋಡಿಸುತ್ತಿದ್ದ ನಾನು. ಮುದುಕಿ ಹಲಗೆಯ ಹತ್ತಿರ ಬಂದು, ಊರಿನ ಹೆಸರನ್ನು ಬಹಳ ಹೊತ್ತು ನೋಡಿದಳು. ಓದಲು ಬರುತ್ತಿರಲಿಲ್ಲ. ಬಸ್ಸಿನ ಹಣೆಯ ಮೇಲೆ ನೋಡಿ ನೋಡಿ ಆ ಒಂದು ಹೆಸರಿನ ಆಕಾರ ಮಾತ್ರ ಗೊತ್ತಿತ್ತು.

"ಬರ್ದಿದ್ದು ಯಾರಾ?"

"ನಾನೇ ಅವ್ವಾ," ಎಂದರು ಶಾಪಿನಣ್ಣ.

"ಬಸ್ಸಿಂದು ಕೆರೆದವ್ನೂ ನೀನೇ ಅಲ್ದಾ?"

ಶಾಪಿನಣ್ಣ ಹೌದೆಂದು ತಲೆ ಆಡಿಸಿದರು.

"ಸಾಗರದಿಂದ ಬರ್ತಾ ನಮ್ಮೂರು ಎಡಗೈಗೆ. ನೀನು ಬಲಗೈಗೆ ಬರ್ದೀಯ," ಎಂದಳು. "ಅಳ್ಸು."

ಮಗ ಬೆಲ್ಲ ಜಗಿಯುವುದನ್ನು ನಿಲ್ಲಿಸಿದ. "ಅವ್ವಾ, ಇರ್ಲಿ ಬಿಡು. ಎಲ್ಲೋ ಒಂದು ಕಡೆ ಇದ್ರೆ ಸಾಕು."

"ಎಲ್ಲೋ ಒಂದು ಕಡೆ ಇಡಕ್ಕೆ ಅದೇನು ಒರಳುಕಲ್ಲಾ? ಊರು ಅಂದ್ರೆ ಇದ್ದಲ್ಲೇ ಇರ್ಬೇಕು. ಅಳ್ಸಾ."

ಶಾಪಿನಣ್ಣ ಬಟ್ಟೆ ಒದ್ದೆ ಮಾಡಿ ಒರೆಸಿದರು. ಅಷ್ಟೆಲ್ಲ ಜಗ್ಗಾಡಿ, ಅಷ್ಟೆಲ್ಲ ತುಳಿದು ಉಳಿಸಿಕೊಂಡ ಹೆಸರು ಒಂದೇ ಎಳೆತಕ್ಕೆ ಹೋಯಿತು. ಅಲ್ಲಿ ಒದ್ದೆ ಮರ ಮಾತ್ರ ಇತ್ತು. ಮಗ ಅತ್ತ ತಿರುಗಿ ನಿಂತ. ಶಾಪಿನಣ್ಣ ತಮ್ಮ ರಿಪೇರಿ ಚೀಲ ಕೆದಕಿ, ಸೈಕಲ್ಲಿನ ಗೀಚು ಮುಚ್ಚಲು ಇಟ್ಟುಕೊಂಡಿದ್ದ ಹಸಿರು ಎನಾಮಲ್ಲಿನ ಪುಟ್ಟ ಡಬ್ಬಿ ತೆಗೆದು ಮುಚ್ಚಳ ಎಬ್ಬಿಸಿದರು. ರಸ್ತೆಯ ಮೇಲ್ಬದಿಗೆ ಕುಂಚ ಇಟ್ಟರು.

"ಇನ್ನೂ ಸ್ವಲ್ಪ ಮೇಲೆ," ಎಂದಳು ಮುದುಕಿ. "ಅಲ್ಲಿ ಕೆರೆ ಬರ್ತದೆ."

ಕೆರೆ ಬಿಟ್ಟು ಬರೆದರು.

ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಬಂದ ವಕೀಲರು ಹಲಗೆ ನೋಡಿ ಹೆಸರಿನ ಮೇಲೆ ಬೆರಳಿಟ್ಟರು. ಬೆರಳು ಹಸಿರಾಯಿತು.

"ಎನಾಮಲ್ಲಾ? ಯಾರು ಗೆದ್ದರು ಅಂತ ಇದು?"

"ಯಾರೂ ಗೆದ್ದಿಲ್ಲ ವಕೀಲ್ರೇ. ಜಾಗ ತಪ್ಪಿತ್ತು, ಸರಿ ಮಾಡಿದೆ."

ವಕೀಲರು ಬೆರಳನ್ನೂ ಮುದುಕಿಯನ್ನೂ ನೋಡಿದರು. ಪಾಯಸದ ಊಟದ ನಂತರ ಮನುಷ್ಯ ವಾದಕ್ಕೆ ಹೊರತಾದ ಪ್ರಾಣಿ. ಬೇಕರಿಯವನಂತೂ ಜಗಲಿಯಲ್ಲಿ ಟವೆಲ್ ಹಾಸಿ ಮಲಗಿ ನಿದ್ದೆ ಹೋಗಿದ್ದ. ನಡಾವಳಿ ಪುಸ್ತಕದಲ್ಲಿ ನಾನು "ಪಂದ್ಯವು ಊಟದ ನಿಮಿತ್ತ ನಿಂತಿದೆ" ಎಂದು ಬರೆದು ಇಬ್ಬರ ರುಜು ಪಡೆದೆ. ಇವತ್ತಿನವರೆಗೂ ಆ ಸ್ಥಿತಿಯಲ್ಲಿ ಬದಲಾವಣೆ ಆಗಿಲ್ಲ.

ಸಂಜೆಯ ಬಸ್ಸಿಗೆ ಎಲ್ಲರೂ ಹೊರಟೆವು. ಉರುಳೆಗಳನ್ನು ಬಸ್ಸಿನ ಮೇಲೆ ಕಟ್ಟಿದರು. ಹಲಗೆಯನ್ನು ಮಳೆಗೆ ಒಡ್ಡುವಂತಿರಲಿಲ್ಲ, ಹಾಗಾಗಿ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ, ತಾಯಿ ಮಗ ಶಾಪಿನಣ್ಣ ಮೂವರ ತೊಡೆಯ ಮೇಲೆ ಅದು ಕೂತಿತು. ಕಂಡಕ್ಟರ್ ಬಂದು, "ಎಲ್ಲಿಗೆ ಅಜ್ಜಿ?" ಎಂದ.

ಮುದುಕಿ ಹಲಗೆಯ ಮೇಲೆ ತೋರಿಸಲು ಬೆರಳು ಚಾಚಿದಳು.

"ಮುಟ್ಟಬೇಡ ಅವ್ವಾ, ಹಸಿ ಇದೆ," ಎಂದ ಮಗ.

ಕಂಡಕ್ಟರ್ ಹಲಗೆಯನ್ನೂ ಅವಳನ್ನೂ ಒಮ್ಮೆ ನೋಡಿ, ರಿಪ್ಪನ್‌ಪೇಟೆಗೆ ಟಿಕೆಟ್ ಹರಿದುಕೊಟ್ಟ.